ಬಿ.ಎಚ್. ರೋಡಿನ ಎಚ್

ಮೊದಲು ಡಬ್ಬಿ ಕಲಕುವ ಕೆಲಸ, ಆಮೇಲೆ ಬ್ರಷ್ ತೊಳೆಯುವುದು,
ಮೂರನೇ ವರ್ಷಕ್ಕೆ ವಿಳಾಸದ ಸಾಲು ನನ್ನದಾಯಿತು.
ಅಂಗಡಿಯ ಹೆಸರು ದಸ್ತಗೀರ್ ಸಾಬರೇ ಬರೆಯೋರು,
ನೆರಳು ಕೊಟ್ಟು, ಅಂಚಿಗೆ ಹಳದಿ ಎಳೆದು.
ಕೆಳಗೆ, ಚಿಕ್ಕದಾಗಿ, ನಾನು:
ಬಿ.ಎಚ್. ರಸ್ತೆ, ತುಮಕೂರು.

ಸೈಕಲ್ ಅಂಗಡಿಗೂ ಅದೇ, ಹಲ್ಲಿನ ಡಾಕ್ಟರಿಗೂ ಅದೇ,
ಬಟವಾಡಿಯಿಂದ ಗುಬ್ಬಿ ಗೇಟಿನವರೆಗೆ
ಏಣಿ ಹೊತ್ತು ನಡೆದ ದಾರಿಯೆಲ್ಲ ಅದೇ ಮೂರು ಚುಕ್ಕಿ ಗೆರೆ.
ಎಚ್ ಅಂದರೇನು ಅಂತ ಯಾರಾದರೂ ಕೇಳಿದ್ದರೆ
ಟೌನ್‌ಹಾಲಿನ ಹಾಲ್ ಇರಬೇಕು ಅಂತಿದ್ದೆ.
ಯಾರೂ ಕೇಳಲಿಲ್ಲ.

ಒಂದು ಬೆಳಗಿನ ಜಾವ ಮೀನಿನ ಲಾರಿ ನಿಲ್ಲಿಸಿ
ಗಣಪು ತಾಂಡೇಲ ಚಹಾ ಕುಡಿಯುತ್ತಿದ್ದ.
ಹಲಗೆಯ ಸಂದಿನಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು,
ಬೆಕ್ಕೊಂದು ಚಕ್ರದ ಪಕ್ಕ ಕೂತು ಡಾಂಬರು ನೆಕ್ಕುತ್ತಿತ್ತು.
ನನ್ನ ಹಸಿ ಅಕ್ಷರ ನೋಡಿ ನಕ್ಕ:
'ಇದು ನಮ್ಮೂರಲ್ದಾ ಮಾರಾಯ!
ಬೆಂಗಳೂರು ಹೊನ್ನಾವರ. ಬಿ, ಎಚ್.'

ಹಾಗೇ ಬೆರಳು ಮಡಿಸುತ್ತ ಬಂದ:
ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು,
ಶಿವಮೊಗ್ಗ ದಾಟಿದರೆ ಸಾಗರ (ಅಲ್ಲಿ ಸಾಗರ ಇಲ್ಲ),
ಗೇರುಸೊಪ್ಪದ ತಿರುವಲ್ಲಿ ಬ್ರೇಕು ಸುಟ್ಟ ವಾಸನೆ,
ಆಮೇಲೆ ನದಿ ಪಕ್ಕದಲ್ಲೇ ಇಳಿದು ಇಳಿದು
ಹದಿನೇಳನೇ ನಂಬರಿನ ರೋಡು ಅಡ್ಡ ಸಿಗ್ತದೆ.
ಬಲಕ್ಕೆ ಕುಮಟಾ, ಕಾರವಾರ. ಎಡಕ್ಕೆ ಭಟ್ಕಳ, ಕುಂದಾಪುರ.
'ಸೀದಾ ಹೋದ್ರೆ?'
'ಸೀದಾ ಹೋದ್ರೆ ನನ್ನ ದೋಣಿ.'

ಅವತ್ತು ದಸ್ತಗೀರ್ ಸಾಬರಿಗೆ ಏನಾಯಿತೋ.
ಓಂಕಾರಯ್ಯನ ಹಾರ್ಡ್‌ವೇರ್ ಬೋರ್ಡಿನ ಕೆಳಗೆ
ಬ್ರಷ್ ಕಸಿದುಕೊಂಡು ತಾವೇ ಬರೆದರು, ಪೂರ್ತಿ:
ಬೆಂಗಳೂರು ಹೊನ್ನಾವರ ರಸ್ತೆ.
ನ್ನಾ ಬಂದಾಗ ಒತ್ತಿನ ಬಾಲ ಸ್ವಲ್ಪ ಉದ್ದ ಎಳೆದು
'ಗಾಳ' ಅಂದರು. ಮೇಲೆ ಕೂತ ನೊಣ ಹಾರಿತು.

ಓಂಕಾರಯ್ಯ ಲೆಕ್ಕ ಹಾಕಿದ, ಅಕ್ಷರಕ್ಕೆ ಎರಡು ರೂಪಾಯಿ.
'ಬಿ.ಎಚ್. ಅಂದ್ರೆ ಪೋಸ್ಟು ಬರಲ್ವೇನಯ್ಯ?
ಸಮುದ್ರಕ್ಕೆ ನಾನ್ಯಾಕೆ ದುಡ್ಡು ಕೊಡ್ಲಿ? ಅಳಿಸು.'
ಸೀಮೆಎಣ್ಣೆ ಬಟ್ಟೆಯಲ್ಲಿ ನಾನೇ ಒರೆಸಿದೆ.
ಹೊನ್ನಾವರ ಹೋಯಿತು, ಬಟ್ಟೆ ನೀಲಿಯಾಯಿತು.

ಆಮೇಲಿಂದ ಅವರದೊಂದು ಕಳ್ಳತನ ಶುರುವಾಯಿತು.
ಎಲ್ಲ ಬೋರ್ಡಿನಲ್ಲೂ, ಎಚ್ಚಿನ ಚಕಾರದ ಹೊಟ್ಟೆಯೊಳಗೆ,
ನೀಲಿಯ ಮೇಲೆ ನೀಲಿ, ಒಂದು ಎಳ್ಳಿನಷ್ಟು ಅಲೆ.
ಕಾಸಿಲ್ಲ ಅದಕ್ಕೆ. ಏಣಿ ಹತ್ತಿ ಮೂಗು ತಾಗಿಸಿದರೆ ಕಾಣುತ್ತೆ.
ಮೂಗು ತಾಗಿಸುವವನು ನಾನೊಬ್ಬನೇ.

ಆಮೇಲೆ ನಂಬರು ಬದಲಾದವು.
ಹದಿನೇಳು ಹೋಗಿ ಅರವತ್ತಾರು,
ಇನ್ನೂರಾರು ಹೋಗಿ ಎಪ್ಪತ್ತಮೂರು.
ಆ ಎಪ್ಪತ್ತಮೂರಾದರೋ ಬಾಣಾವರದಲ್ಲಿ ಎಡಕ್ಕೆ ಹೊರಳಿ
ಬೇಲೂರು ಹಿಡಿದು ಮಂಗಳೂರಿಗೆ ಇಳಿಯುತ್ತೆ.
ಕಾಗದದ ಮೇಲೆ ನಮ್ಮ ರೋಡು ಬೇರೆ ಊರಿನ ಉಪ್ಪು ತಿನ್ನುತ್ತೆ,
ಬೋರ್ಡಿನ ಮೇಲೆ ಮಾತ್ರ ಹಳೇ ಗಂಡನ ಇನಿಶಿಯಲ್ಲು.

ದಸ್ತಗೀರ್ ಸಾಬರು ನಕ್ಕಿದ್ದರು ಇದಕ್ಕೆ. ಆಗಲೇ ಕೈ ನಡುಗುತ್ತಿತ್ತು,
ಫ್ಲೆಕ್ಸ್ ಅಂಗಡಿ ಮೂರಾಗಿದ್ದವು.
ಕೊನೇವರೆಗೂ ಅವರು ಗುಬ್ಬಿ ಗೇಟಿನಿಂದಾಚೆ,
ಹೆಚ್ಚೆಂದರೆ ನಿಟ್ಟೂರಿನ ತಂಗಿ ಮನೆವರೆಗೆ, ಹೋದವರಲ್ಲ.
ಕರೆದುಕೊಂಡು ಹೋಗುತ್ತೀನಿ ಅಂದರೆ
'ಅಲ್ಲಿ ಬೋರ್ಡು ಬರೆಯೋರು ಇರ್ತಾರೆ ಬಿಡೋ' ಅನ್ನೋರು.

ಮೊನ್ನೆ ಆಷಾಢದ ಗಾಳಿಗೆ ಓಂಕಾರಯ್ಯನ ಮಗನ ಫ್ಲೆಕ್ಸು
ಒಂದು ಮೂಲೆ ಹರಿದು ಪಟಪಟ ಬಡಿಯುತ್ತಿತ್ತು.
ಕೆಳಗೆ ಹಳೇ ತಗಡು, ತುಕ್ಕು, ಅಂಗೈಯಗಲ ನೀಲಿ.
ಏಣಿ ಇಲ್ಲ ಈಗ ನನ್ನ ಹತ್ತಿರ.
ಪಕ್ಕದ ಜ್ಯೂಸಿನವನ ಸ್ಟೂಲು ಕೇಳಿ ಹತ್ತಿದೆ.
'ಏನ್ ಹುಡುಕ್ತಿದೀರಾ ಅಂಕಲ್?'
'ಹೊನ್ನಾವರ' ಅಂದೆ.
'ಮೊಬೈಲಲ್ಲಿ ನೋಡಿ, ಆರೇಳು ಗಂಟೆ ತೋರಿಸುತ್ತೆ' ಅಂದ,
ಸ್ಟೂಲು ಅಲ್ಲಾಡದ ಹಾಗೆ ಹಿಡಿದುಕೊಂಡೇ.