ಎರಡನೇ ಗುಂಡಿ

ಅವಾಲಿಯ ಎಣ್ಣೆ ಕಂಪೆನಿಯ ದೊರೆಗಳು
ನೌಕರಿ ಮುಗಿಸಿ ಹೊರಡುವಾಗ ಅಂಗಳಕ್ಕೆ ಮೇಜು ಹಾಕಿ ಮಾರುತ್ತಿದ್ದರು:
ಟೋಸ್ಟರು, ಗಾಲ್ಫಿನ ಕೋಲು, ನಾಯಿಯ ಹಾಸಿಗೆ,
ರಟ್ಟಿನ ಪೆಟ್ಟಿಗೆ ತುಂಬ ಕಪ್ಪು ಬಿಳುಪು ಹಾಲಿವುಡ್ಡು.
ಹಾಗೆ ಸಿಕ್ಕಿದವು ಹಮ್ಮಬ್ಬಾಕನಿಗೆ. ಕ್ಯಾಸೆಟ್ಟಿಗೆ ಇನ್ನೂರು ಫಿಲ್ಸು,
ಹತ್ತು ಕೊಂಡರೆ ಒಂದು ಪುಕ್ಕಟೆ.

ಇಂಗ್ಲಿಷು ಬರುತ್ತಿರಲಿಲ್ಲ ಅವನಿಗೆ. ಅಳತೆ ಬರುತ್ತಿತ್ತು.
ಮನಾಮದ ಸೂಕಿನಲ್ಲಿ ಹಗಲೆಲ್ಲ ಥೋಬು ಹೊಲಿದು
(ಬಿಳಿ, ಬಿಳಿ, ಮತ್ತೊಂದು ಬಿಳಿ)
ರಾತ್ರಿ ಕೂತು ಕೋಟುಗಳನ್ನು ನೋಡುತ್ತಿದ್ದ.
ತೆರೆಯ ಮೇಲೆ ನಾಯಕ ಸಾಯುತ್ತಿದ್ದರೆ
ಗುಂಡಿ ಒತ್ತಿ ಅವನ ಸಾವನ್ನು ಅಲ್ಲೇ ನಿಲ್ಲಿಸಿ,
"ಭುಜ ನೋಡು ಮಾರಾಯ, ಬಿದ್ದರೂ ಒಂದು ನೆರಿಗೆ ಉಂಟಾ?"
ಲೆಕ್ಕದ ಪುಸ್ತಕದಲ್ಲಿ ಕಂಕುಳ ಹೊಲಿಗೆಯ ಚಿತ್ರ ಬರೆಯುವವನು.
ಸತ್ತವನು ಆಮೇಲೆ ಸಾಯುತ್ತಿದ್ದ, ನಿಧಾನಕ್ಕೆ.

ಹೆಸರು ಓದಲು ಬಾರದ್ದಕ್ಕೆ
ಉಳಿದ ತುಂಡು ಬಟ್ಟೆಯಲ್ಲಿ ಒಂದೊಂದಕ್ಕೂ ಚೀಲ ಹೊಲಿದ,
ಮೇಲೆ ಕಪ್ಪು ನೂಲಿನಲ್ಲಿ ಗುರುತು:
ಟೊಪ್ಪಿ. ಕೈಗವಸು. ಅಗಲ ಕಾಲರು.
ಮಂಚದ ಕೆಳಗೆ ಇನ್ನೂರ ಹನ್ನೆರಡು ಚೀಲ,
ಆಗಸ್ಟಿನ ಸೆಕೆಗೆ ಬೂಷ್ಟು ಹಿಡಿಯದ ಹಾಗೆ
ನಾನು ಇಸ್ತ್ರಿ ಮುಗಿಸಿದ ಮೇಜಿನ ಮೇಲೆ, ಬಿಸಿ ಆರುವ ಮೊದಲು,
ಸರದಿಯಲ್ಲಿ ಮಲಗಿಸಿ ಏಳಿಸುತ್ತಿದ್ದ.

ನಾನು ಏಳನೇ ಕ್ಲಾಸು. ನಾಲ್ಕು ಶಬ್ದ ಬಲ್ಲೆನೆಂದು
ಕಥೆ ಹೇಳುವ ಕೆಲಸವೂ ನನ್ನದೇ.
ತಿಳಿಯದಲ್ಲಿ ಸುಳ್ಳು ಸೇರಿಸಿದೆ, ಸಾರಿಗೆ ನೀರು ಸೇರಿಸುವ ಹಾಗೆ.
"ಆ ದಪ್ಪದವ ಹುಡುಗಿಯ ಅಪ್ಪ" ಎಂದೆ ಒಮ್ಮೆ.
ಹಮ್ಮಬ್ಬಾಕ ತಿರುಗಿ ನೋಡಲಿಲ್ಲ:
"ಅವಳ ಮೊಣಕೈಯಲ್ಲಿ ತೇಪೆ, ಅವನ ವೇಸ್ಟ್‌ಕೋಟು ರೇಷ್ಮೆ.
ಅಪ್ಪ ಅಲ್ಲ, ಸಾಲ ಕೊಟ್ಟವ. ಸುಮ್ಮನೆ ಕೂರು ಲೋಕಯ್ಯ."

ಅದರಲ್ಲೇ, ಕೈಗವಸಿನ ಗುರುತಿನ ಕ್ಯಾಸೆಟ್ಟಿನಲ್ಲೇ, ಆ ಜಾಗ.
ಟೀವಿಯವರ ಕತ್ತರಿ ಬಿದ್ದದ್ದು:
ಮಂಜಿನ ಬಂದರು, ಅವನು ಬರುತ್ತಾನೆ, ಅವಳು ಮುಖ ಎತ್ತುತ್ತಾಳೆ,
ಟಕ್ಕೆಂದು ಹಡಗು.
ಮುತ್ತು ಕತ್ತರಿಸಿದ್ದಾರೆಂದು ಕೋಣೆಯ ಆರೂ ಜನರಿಗೆ ಗೊತ್ತು,
ಎಲ್ಲರೂ ಒಂದೇ ಸಲ ಕೆಮ್ಮಿದೆವು.
ಅವನೊಬ್ಬ ಹಿಂದಕ್ಕೆ ತಿರುಗಿಸಿದ. ಮತ್ತೆ. ಮತ್ತೆ.
"ಮೊದಲು ಎರಡನೇ ಗುಂಡಿ ನೂಲಿಗೆ ನೇತಾಡುತ್ತಿತ್ತು.
ಹಡಗಿನಲ್ಲಿ ನೋಡು, ಗಟ್ಟಿ ಉಂಟು.
ನಡುವೆ ಅವಳು ಹೊಲಿದು ಕೊಟ್ಟಿದ್ದಾಳೆ."
ಗುಂಡಿ ಹೊಲಿಯುವುದನ್ನು ಯಾರು ಕತ್ತರಿಸುತ್ತಾರೆ ಎಂದು ನಕ್ಕೆವು.
ಅವನು ನಗಲಿಲ್ಲ. ಆ ರಾತ್ರಿ ಊರಿಗೆ ಕಾಗದ ಬರೆಸಿದ,
ಹೆಂಡತಿಗೆ, ಎರಡು ಪುಟ.

ವೀಸಾ ಮುಗಿಸಿ ಹೋಗುವಾಗ ಒಯ್ದದ್ದು ಪುಸ್ತಕ ಒಂದೇ.
ಚೀಲಗಳು ನನಗೆ. ಅವನ್ನು ಹಾಕುವ ಯಂತ್ರ
ಆಗಲೇ ಕಂತುಕಂತಾಗಿ ಸತ್ತಿತ್ತು.

ಹೋದ ಶುಕ್ರವಾರ ಸೂಪರ್ ಮಾರ್ಕೆಟ್ಟಿನ ಅಗ್ಗದ ಬುಟ್ಟಿಯಲ್ಲಿ
ಸಿಕ್ಕಿತು ಅದೇ ಬಂದರು, ತಟ್ಟೆಯಷ್ಟು ತೆಳ್ಳಗೆ,
ಕತ್ತರಿ ತಾಗದ್ದು, ಕೆಳಗೆ ಮಾತಿನ ಅಕ್ಷರ ಇರುವಂಥದ್ದು.
ದಪ್ಪದವ ಸಾಲ ಕೊಟ್ಟವನೇ.
ಮಂಜು ಬಂತು. ಮುತ್ತೂ ಬಂತು. ಎಣಿಸಿದೆ, ಐದು ಸೆಕೆಂಡು.
ಇಷ್ಟಕ್ಕೆ ಆರು ಜನ ಕೆಮ್ಮಿದ್ದೆವು.
ಸೂಜಿ ಇಲ್ಲ. ನೂಲಿಲ್ಲ. ಅವಳ ಕೈ ಅವನ ಕತ್ತು ಬಿಟ್ಟು ಕೆಳಗಿಳಿಯಲೇ ಇಲ್ಲ.
ಆದರೂ ಹಡಗಿನಲ್ಲಿ ಗುಂಡಿ ಗಟ್ಟಿ.

ಎಷ್ಟೋ ಹೊತ್ತು ಹಾಗೇ ಕೂತಿದ್ದೆ.
ಹಾಗಾದರೆ ಊಟದ ಬಿಡುವಿನಲ್ಲೋ, ದೀಪ ಸರಿಸುವಾಗಲೋ
ಕಥೆಯಲ್ಲಿ ಇಲ್ಲದವನೊಬ್ಬ,
ಹಲ್ಲಿನಲ್ಲಿ ನೂಲು ಕಚ್ಚಿ ಬಂದು
ಆ ದೊಡ್ಡ ಮನುಷ್ಯನ ಎದೆಗೆ ಬಾಗಿ
ಎರಡು ನಿಮಿಷ ಉಸಿರು ಹಿಡಿದು ನಿಂತಿರಬೇಕು.

ಉಳ್ಳಾಲಕ್ಕೆ ಫೋನು ಮಾಡಿದೆ. ಕಿವಿ ಮಂದ, ಕಿರುಚಿ ಹೇಳಿದೆ ಎಲ್ಲ.
ಆ ಕಡೆ ಕಾಗೆ ಕೂಗಿತು, ಯಾರೋ ಪಾತ್ರೆ ಇಟ್ಟರು.
ಆಮೇಲೆ ಹಮ್ಮಬ್ಬಾಕ:
"ಅದು ಸರಿ. ಅಡ್ಡ ಹೊಲಿಗೆಯಾ, ನೇರವಾ?"
ಕಾಣುವುದಿಲ್ಲ ಎಂದೆ.
"ಕಾಣ್ತದೆ. ನಿಲ್ಲಿಸಿ ನೋಡು."