ಬಲಗಡೆಯ ಜೇಬು

ನೈಟಿಗೆ ಜೇಬು ಯಾಕಕ್ಕಾ, ಅಂದ ಟೈಲರ್ ದಸ್ತಗೀರ್,
ಟೇಪನ್ನು ಕೊರಳಿಗೆ ಇಳಿಬಿಟ್ಟುಕೊಂಡು.
ಫೋನಿಗಾ? ಬೀಗದ ಕೈಗಾ?
ಯಾವುದಕ್ಕೂ ಅಲ್ಲ ಅಂದೆ.
ಸುಮ್ಮನೆ ಒಂದು ಜೇಬು. ಬಲಗಡೆಗೆ.
ಮಣಿಕಟ್ಟು ಮುಳುಗುವಷ್ಟು ಆಳ ಇರಲಿ.
ಚೀಟಿಯಲ್ಲಿ ಬರೆದುಕೊಂಡ: ಜೇಬು ಒಂದು, ಉದ್ದ.

ಶಿಡ್ಲಘಟ್ಟದಲ್ಲಿ ಚಳಿ ಮುಗಿದದ್ದು
ಕ್ಯಾಲೆಂಡರಿನಲ್ಲಿ ಗೊತ್ತಾಗುವುದಿಲ್ಲ.
ಮೂರು ತಿಂಗಳು ಬಾಯ್ಲರಿಗೆ ಬೆನ್ನು ಕೊಟ್ಟು ಕೂತವರು
ಒಂದು ಬೆಳಗ್ಗೆ, ಯಾರೂ ಹೇಳದೆ,
ಸ್ಟೂಲನ್ನು ಒಂದು ಗೇಣು ಆಚೆಗೆ ಎಳೆದುಕೊಳ್ಳುತ್ತೇವೆ.
ಅಷ್ಟೇ. ವಸಂತ ಬಂತು.
ಗೂಡು ಬೇಯುವ ಕಮಟಿನ ನಡುವೆ
ಎಲ್ಲಿಂದಲೋ ಬೇವಿನ ಹೂವು.

ಹತ್ತೊಂಬತ್ತು ವರ್ಷದಿಂದ ಈ ಕೈಗಳು ಬಿಸಿನೀರಲ್ಲಿವೆ.
ಎಳೆಯ ತುದಿ ಹುಡುಕುವುದು, ಹಿಡಿಯುವುದು, ರಾಟೆಗೆ ಕೊಡುವುದು.
ಕಣ್ಣಿಗೆ ಸಿಗದ್ದು ಬೆರಳಿಗೆ ಸಿಗುತ್ತದೆ.
ಸಂಜೆ ಐದರ ಹೊತ್ತಿಗೆ
ನೆನೆಹಾಕಿದ ಅವರೆಕಾಳಿನಂತೆ ಬಿಳಿಚಿಕೊಂಡಿರುತ್ತವೆ;
ಹಿತುಕಿದರೆ ಸಿಪ್ಪೆಯಿಂದ ಜಾರಿಬಿಡುತ್ತವೇನೋ.

ಪಕ್ಕದ ಬೇಸಿನ್ನಿನ ಚಾಂದ್‌ಬಿಗೆ ಅವಳದೇ ಶೋಕಿ:
ಲಾವಂಚದ ಬೀಸಣಿಗೆ, ಅಂಚಿಗೆ ಕೆಂಪು ಬಟ್ಟೆ ಕಟ್ಟಿದ್ದು.
ನೀರು ಚಿಮುಕಿಸಿ ಎರಡು ಸಲ ಬೀಸಿಕೊಂಡು
ಚೀಲದೊಳಗೆ ಮಲಗಿಸಿಬಿಡುತ್ತಾಳೆ.
ಮೂರನೇದು ದುಂದಂತೆ.

ಬಾಯ್ಲರಿನ ಅಂಜಿನಪ್ಪನಿಗೆ
ಚಿಂತಾಮಣಿಯ ಕಮ್ಮಾರ ತಟ್ಟಿಕೊಟ್ಟ ಬೆರಳುದ್ದದ ಚಾಕು.
ಇನ್ನೂ ಓಟೆ ಕಟ್ಟದ ಮಾವಿನಕಾಯಿಯನ್ನು ಅವನು ಸೀಳಿದರೆ
ಹೋಳಿನ ಮೂಲಕ ಬಿಸಿಲು ಹಸಿರಾಗಿ ಕಾಣುತ್ತದೆ.
ಚಾಕು ಯಾರಿಗೂ ಕೊಡುವುದಿಲ್ಲ.
ಹೋಳು ಎಲ್ಲರಿಗೂ.

ನಾವು ತೆಗೆದ ನೂಲು ಎಲ್ಲೆಲ್ಲಿಗೋ ಹೋಗಿ
ಯಾರದೋ ಧಾರೆ ಸೀರೆಯಾಗುತ್ತದೆ.
ಅದರ ಮೇಲಿನ ಆಸೆ ಹೋಗಿ ಬಹಳ ದಿನವಾಯಿತು.
ಸುಳ್ಳು. ಸ್ವಲ್ಪ ಇದೆ.
ಆದರೆ ಬಿಸಿಲು ಬಲಿಯುವ ಮುಂಚಿನ ಈ ಹದಿನೈದು ದಿನಕ್ಕೆ
ಹತ್ತಿಯೇ ಸರಿ. ತೆಳ್ಳನೆಯದು,
ಎರಡು ಸಲ ಒಗೆದು ಗಂಜಿ ಬಿಟ್ಟದ್ದು.

ಯುಗಾದಿಗೆ ಮೂರು ದಿನ ಇರುವಾಗ ಕೊಟ್ಟ.
ಜೇಬಿಗೆಂದು ನಲವತ್ತು ರೂಪಾಯಿ ಜಾಸ್ತಿ.
ಮನೆಗೆ ಬಂದು ತಲೆಮೇಲಿಂದ ಇಳಿಸಿಕೊಂಡು
ಕೈ ಇಳಿಬಿಟ್ಟೆ.

ಹೊಲಿಗೆ ಸಿಗಲಿಲ್ಲ.
ತಡವಿದೆ. ಮೂಲೆಯಲ್ಲೂ ಇಲ್ಲ.
ಎಂಥ ಎಳೆಯನ್ನೂ ಹಿಡಿಯುವ ಬೆರಳು ನನ್ನವು,
ಅಲ್ಲಿ ಹಿಡಿಯಲು ಏನೂ ಇರಲಿಲ್ಲ.
ಬಿಚ್ಚಿ, ಒಳಮಗ್ಗುಲು ತಿರುಗಿಸಿ, ಕಿಟಕಿಗೆ ಹಿಡಿದು ನೋಡಿದೆ:
ಅಂಚನ್ನೆಲ್ಲ ಆಚೆಮುಖಕ್ಕೆ ಮಡಿಸಿ ಹೊಲಿದಿದ್ದಾನೆ,
ಕೈ ಇರುವ ಕಡೆ ಬರೀ ನಯ.
ಮೂಲೆಗೆ ಚೂಪಿಲ್ಲ, ಬಟ್ಟಲಿನ ತಳದ ದುಂಡು.
ಬಾಯಿಯ ಎರಡೂ ತುದಿಗೆ ಮೂರು ಮೂರು ಸುತ್ತು, ಹರಿಯದಂತೆ.

ಅಳತೆ ತೆಗೆಯುವಾಗ
ಭುಜ, ತೋಳು, ಉದ್ದ ಎಂದಷ್ಟೇ ಕೂಗಿದ್ದ.
ಬೆರಳ ಬಿರುಕು ಯಾವಾಗ ನೋಡಿದ?
ಕೇಳಲಿಲ್ಲ.
ಕೇಳಿದರೆ ಅವನು ನಾಚಿಕೊಂಡಾನು, ನಾನೂ.

ಈಗ ಸಂಜೆಗಳಲ್ಲಿ
ಕೊಬ್ಬರಿ ಎಣ್ಣೆ ಸವರಿ, ಒರೆಸಿ,
ಬಾಗಿಲ ಮುಂದೆ ನಿಲ್ಲುತ್ತೇನೆ.
ಟ್ಯಾಂಕರ್ ಬರಲು ಇನ್ನೂ ಹೊತ್ತಿದೆ.
ಹೊಂಗೆ ಹೂವು ಪುರಿ ಚೆಲ್ಲಿದ ಹಾಗೆ ರಸ್ತೆ ತುಂಬ.
ಗುಡಿಸಬೇಕು.
ಗುಡಿಸೋಣ, ತಾಳು.

ಅಮ್ಮಾ, ಜೇಬಲ್ಲಿ ಏನಿಟ್ಕೊಂಡಿದ್ದೀಯ,
ಒಳಗಿಂದ ಮುನಿಲಕ್ಷ್ಮಿ.
ಏನೂ ಇಲ್ಲ ಕಣೇ.

ಒಣಗಿದೆ, ಬೆಚ್ಚಗಿದೆ.
ಎಡಗೈ ಮಾತ್ರ
ಮುಂದಿನ ಯುಗಾದಿವರೆಗೆ ಕಾಯಬೇಕು.