ಹಿಂದಿನ ಎಡ ಸ್ಪ್ರಿಂಗು

ಗ್ಯುಮ್ರಿಯಲ್ಲಿ ಮಾರ್ಚ್ ಎಂದರೆ ಹಿಮದ ಬಾಕಿ ಇನ್ನೂ ತೀರಿರುವುದಿಲ್ಲ.
ಅಂಗಳದಲ್ಲಿ ನನ್ನ ನೀವಾ ಕಾರು ಎಡಕ್ಕೆ ವಾಲಿ ನಿಂತಿದೆ,
ಒಂದೇ ಸೊಂಟದಲ್ಲಿ ಕೂಸನ್ನೆತ್ತಿ ಎತ್ತಿ
ಹಾಗೇ ನಿಲ್ಲುವುದನ್ನು ಕಲಿತವಳಂತೆ.

ತಪ್ಪು ನನ್ನದೇ.
ಹನ್ನೆರಡು ಬೇಸಿಗೆ ಜೇನುಪೆಟ್ಟಿಗೆಗಳನ್ನೆಲ್ಲ
ಎಡಕ್ಕೇ ಪೇರಿಸಿದೆ. ಬಲಗಡೆ ಚಾಲೋ ಕೂರುತ್ತಿದ್ದ,
ಕಿಟಕಿಗೆ ಮೂಗೊತ್ತಿ.
ನಾಯಿ ಹೋಗಿ ಮೂರು ವರ್ಷ. ಆದರೂ
ಆ ಜಾಗದಲ್ಲಿ ಪೆಟ್ಟಿಗೆಯಿಡಲು ಕೈ ಬಂದಿಲ್ಲ.

ರೈಲ್ವೆ ಗೇಟು ದಾಟುವಾಗ ಒಮ್ಮೆ ಟಕ್ ಎಂದಿತು.
ಆಮೇಲೆ ಪ್ರತಿ ಗುಂಡಿಗೂ ಟಕ್.
ಹಮಾಯಕ್ ಕಾರಿನಡಿಗೆ ತೂರಿ ಟಾರ್ಚು ಬಿಟ್ಟ:
"ಸುರುಳಿಯ ತುದಿ ಮುರಿದಿದೆ. ಎರಡು ಸ್ಪ್ರಿಂಗು ಬೇಕು."
ಮುರಿದದ್ದು ಒಂದೇ, ಎಂದೆ.
"ಎರಡು."
ತಂದಿರುವುದು ಒಂದೇ, ದುಡ್ಡಿದ್ದದ್ದೂ ಅಷ್ಟಕ್ಕೇ.
ಅವನು ಕೈ ಒರೆಸಿಕೊಂಡ, ಕೈಗಿಂತ ಕೊಳಕಾದ ಬಟ್ಟೆಯಲ್ಲಿ.
"ನೊಗಕ್ಕೆ ಒಂದು ಕಡೆ ಹೋರಿ, ಒಂದು ಕಡೆ ಮುದಿಯೆತ್ತು
ಕಟ್ಟಿ ನೋಡು ವಾರ್ದಿತೆರ್,
ಉಳುವುದಿಲ್ಲ, ಸುತ್ತು ಹೊಡೆಯುತ್ತವೆ."

ಸರಿ. ಮೊದಲು ಬಿಚ್ಚೋಣ, ಜಗಳ ಆಮೇಲೆ.

ಮುಂದಿನ ಗಾಲಿಗೆ ಕಲ್ಲು ಕೊಟ್ಟು,
ಮೈಯನ್ನು ಕಬ್ಬಿಣದ ಮುಕ್ಕಾಲಿಗಳ ಮೇಲೆ ಕೂರಿಸಿ,
ಅಚ್ಚಿನ ಕೆಳಗೆ ಜಾಕು.
ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು ಮಾತ್ರ
ಹನ್ನೆರಡು ಚಳಿಗಾಲ ರಸ್ತೆಯ ಉಪ್ಪು ತಿಂದದ್ದು;
ಉಪ್ಪು ತಿಂದ ಮನೆ ಬಿಟ್ಟು ಬರಲಾರೆನೆಂದು ಕೂತಿದೆ.
ಎಣ್ಣೆ ಬಿಟ್ಟೆವು. ಬೈದೆವು. ಕಾಫಿ ಕುಡಿದೆವು.
ಸ್ಪ್ಯಾನರಿಗೆ ಮಾರುದ್ದದ ಕೊಳವೆ ಸಿಕ್ಕಿಸಿ
ಇಬ್ಬರೂ ಜೋತುಬಿದ್ದ ಮೇಲೆ
ಒಂದು ಕೂಗು ಹಾಕಿ ತಿರುಗಿತು. ಮುರಿಯಿತೆಂದೇ ಕಣ್ಣು ಮುಚ್ಚಿದ್ದೆ.

"ಬ್ರೇಕಿನ ಕೊಳವೆ ನೋಡಿಕೋ, ಎಳೆದೀತು!"
ಜಾಕು ಇಳಿಯಿತು, ಅಚ್ಚು ಇಳಿಯಿತು,
ಅಷ್ಟು ಭಾರ ಹೊತ್ತ ಸ್ಪ್ರಿಂಗು
ಹಾಲುಹಲ್ಲಿನ ಹಾಗೆ ಕೈಗೇ ಬಂತು.
ಅದರ ಬಟ್ಟಲಲ್ಲಿ ಕೆಸರು, ತುಕ್ಕಿನ ಹಕ್ಕಳೆ,
ಯಾವ ಕಾಲದ್ದೋ ಒಂದು ಏಪ್ರಿಕಾಟ್ ಬೀಜ,
ಮತ್ತೆ ಆ ಮುರಿದ ತುದಿ, ಅರ್ಧ ಬಳೆಯಷ್ಟು.

ಮೂರನ್ನೂ ನೆಲದ ಮೇಲೆ ನಿಲ್ಲಿಸಿದೆವು:
ಹೊಸದು, ಬಲಗಡೆಯದು, ಎಡದ ಮುರುಕು.
ಬಲದ್ದೂ ಒಂದು ಬೆರಳು ಕುಗ್ಗಿತ್ತು.
ನಾಯಿಯ ತೂಕ, ಎಂದೆ.
"ನಾಯಿ ಅಷ್ಟಿರಲಿಲ್ಲ" ಎಂದ ಹಮಾಯಕ್.
ತುಸು ತಡೆದು,
"ಇದ್ದರೂ ಇರಬಹುದು."

ಒಳಗೆ ಹೋದ. ಎಣ್ಣೆಕಾಗದ ಸುತ್ತಿದ ಇನ್ನೊಂದನ್ನು
ಕಂಕುಳಲ್ಲಿಟ್ಟು ತಂದ.
"ಆರು ಕಿಲೋ. ಅಶೋತ್ಸ್ಕ್ ಕಡೆಯ ಜೇನು. ಆಗಸ್ಟಿನಲ್ಲಿ."
ನಾಲ್ಕು, ಎಂದೆ.
"ಆರು. ಮೇಣ ಸಹಿತ."
ಇನ್ನೂ ಹಿಮದಡಿ ಮಲಗಿರುವ ಹೂಗಳ ಮೇಲೆ
ಸಾಲಕ್ಕೆ ಕೈಯೊತ್ತಿದೆ.
ಜೇನ್ನೊಣಗಳನ್ನು ಯಾರೂ ಕೇಳಲಿಲ್ಲ.

ಜೋಡಿಸುವಷ್ಟರಲ್ಲಿ ಕತ್ತಲಾಯಿತು. ಒಂದು ವಾಷರು ಉಳಿದುಕೊಂಡಿತು.
ಎಲ್ಲಿಯದೆಂದು ಇಬ್ಬರಿಗೂ ಗೊತ್ತಾಗಲಿಲ್ಲ;
ಅವನು ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡದ್ದನ್ನು
ನಾನು ನೋಡಲಿಲ್ಲ.

ಹಿಂಬದಿ ಎತ್ತಿಕೊಂಡು ನಿಂತಿದೆ ಕಾರು,
ಹೊಸ ಮೆಟ್ಟು ಹಾಕಿದ ಹುಡುಗನ ಬಿಂಕದಲ್ಲಿ.
ಇಷ್ಟು ದಿನ ಎರಡನೇ ಮಹಡಿಯ ಪರದೆಗೆ ಬೀಳುತ್ತಿದ್ದ ದೀಪ
ಈಗ ರಸ್ತೆಗೇ ಬಿತ್ತು; ಮೇಲಿನ ಮನೆಯ ಅರ್ಷಲೂಯ್ಸ್
ಬೈಯಲು ಬೇರೆ ಕಾರಣ ಹುಡುಕಬೇಕು.

ರೈಲ್ವೆ ಗೇಟು ಬಂತು. ಹಲ್ಲು ಕಚ್ಚಿ ಟಕ್‌ಗಾಗಿ ಕಾದೆ.
ಹಳಿ ದಾಟಿದೆ. ಬರಲಿಲ್ಲ.
ಕಾರು ತಕ್ಕಡಿಯ ಮುಳ್ಳಿನಷ್ಟು ನೆಟ್ಟಗಿದೆ.
ನಾನು ಮಾತ್ರ ಬಲಕ್ಕೆ ವಾಲಿ ಕೂತಿದ್ದೇನೆ.
ನೆಟ್ಟಗಾಗಲು ನೋಡಿದೆ. ಮತ್ತೆ ವಾಲಿದೆ.

ಇದಕ್ಕೆಷ್ಟು ಕಿಲೋ ಕೇಳುತ್ತಾನೋ ಹಮಾಯಕ್.